ಮಣ್ಣಂಟಿದ ಚಿಲ್ಲರೆ

ಟಿಬಿಲಿಸಿಯ ಮೆಟ್ರೋ ಹಳಿ ಮುಗಿಯುವಲ್ಲಿ ಗ್ಲದಾನಿ.
ಅಲ್ಲಿಯ ಹಳೇ ಕಟ್ಟಡಗಳ ಲಿಫ್ಟು ಪುಕ್ಕಟೆ ಏರುವುದಿಲ್ಲ.
ಒಳಗೊಂದು ತಗಡಿನ ಡಬ್ಬಿ;
ಅದರ ಬಾಯಿಗೆ ಹತ್ತು ತೆತ್ರಿ ಬಿದ್ದರೆ ಮಾತ್ರ
ನರಳಿಕೊಂಡು ಮೇಲಕ್ಕೆ.
ಶನಿವಾರ ಶನಿವಾರ ಅದರ ಬೀಗ ತೆಗೆಯುವವನು ನಾನು, ಗೋಚಾ.
ಹದಿನಾಲ್ಕು ಲಿಫ್ಟು, ಒಂದು ಚೀಲ, ಒಂದು ಲೆಕ್ಕದ ಪುಸ್ತಕ.

ಚಿಲ್ಲರೆಗೆ ಗುಟ್ಟು ಗೊತ್ತಿಲ್ಲ.
ಮೀನು ಮಾರುವವಳು ಯಾವ ಬಾಗಿಲಿನವಳು,
ಅಂಗಿಯ ಗುಂಡಿ ತೂರಿಸಿ ಲಿಫ್ಟಿಗೇ ಟೋಪಿ ಹಾಕುವವರು ಯಾರು,
ಎಲ್ಲ ಬೆರಳಿಗೆ ತಿಳಿಯುತ್ತದೆ.

ಮಾರ್ಚಿಯಲ್ಲೊಂದು ದಿನ, ಮೂರನೇ ಬಾಗಿಲಿನ ಡಬ್ಬಿಯಲ್ಲಿ
ಮಣ್ಣು.
ನಮ್ಮ ಮಾತಿನಲ್ಲಿ ತೆತ್ರಿ ಅಂದರೆ ಬಿಳಿ.
ಇಪ್ಪತ್ತಾರು ಬಿಳಿಗಳು ಕರ್ರಗೆ ಬಂದವು,
ಒಂದರ ಅಂಚಿಗೆ ಕೂದಲೆಳೆಯಂಥ ಬೇರು.
ಯಾರನ್ನು ಹೂಳುತ್ತಿದ್ದಾರಪ್ಪ ಇಲ್ಲಿ, ಎಂದುಕೊಂಡೆ.

ಒಂಬತ್ತನೇ ಮಹಡಿಯ ಲಮಾರಾ.
ಗುಡ್ಡದ ಬುಡದಿಂದ ಹಳೇ ಕೂಸುಗಾಡಿಯಲ್ಲಿ
ಮಲಗಿಸಿಕೊಂಡು ಬರುತ್ತಿದ್ದಳು ಮಣ್ಣಿನ ಚೀಲವನ್ನು,
ಮೇಲೊಂದು ಚಾದರ ಹೊದಿಸಿ.
ಕೆಳಮಹಡಿಯ ಝುಝುನಾ ಮೂಗು ಮುರಿದಳು:
ಬಾಗಿಲಾಚೆಗೇ ಸಂತೆ, ಕಟ್ಟಿಗೆ ಐವತ್ತು ತೆತ್ರಿ;
ಲಿಫ್ಟಿನ ಬಾಡಿಗೆ ಸೇರಿಸಿದರೆ ನಿನ್ನದು ಬಂಗಾರದ ಕೊತ್ತಂಬರಿ!

ಲಮಾರಾ ಮೆಟ್ರೋದಲ್ಲಿ ಇದ್ದವಳು.
ಚಲಿಸುವ ಮೆಟ್ಟಿಲ ಬುಡದ ಗಾಜಿನ ಗೂಡಿನಲ್ಲಿ ಕೂತು
ಇಳಿಯುವ ಬೂಟುಗಳನ್ನು ಕಾಯುವ ಕೆಲಸ.
ಮೂವತ್ತೊಂದು ವರ್ಷ ಮಣ್ಣಿನ ಕೆಳಗಿದ್ದೆ ಗೋಚಾ,
ಒಂದು ದಿನ ಮಣ್ಣು ಮುಟ್ಟಿರಲಿಲ್ಲ, ಎಂದಳು,
ಎಂದು, ಬಕೆಟ್ಟು ಹಿಡಿ ಅಂತ ಕೊಟ್ಟಳು.

ಬಾಲ್ಕನಿಯಲ್ಲಿ ಬಿರುಕು ಬಿಟ್ಟ ಸ್ನಾನದ ತೊಟ್ಟಿ,
ಚೀಸ್ ಅಂಗಡಿಯವನು ಕೊಟ್ಟ ಆರು ಬಕೆಟ್ಟು.
ಸೌತೆಯ ಸಸಿ ಎರಡೇ ವಾರದಲ್ಲಿ ಸುಟ್ಟಂತಾದವು.
ಉಪ್ಪುನೀರಿನ ಬಕೆಟ್ಟನ್ನು ತೊಳೆದದ್ದು ಸಾಲದಾಗಿತ್ತು.
ಕೊತ್ತಂಬರಿ ಏಳಲೇ ಇಲ್ಲ.
ತೊಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವಳು
ಮಣ್ಣನ್ನು ನೋಡುವ ರೀತಿ,
ಕೊನೆಯ ರೈಲು ಹೋದ ಮೇಲೂ ಯಾರೋ ಇಳಿದು ಬರಬೇಕು ಎಂಬಂತೆ.

ಕಾಳನ್ನು ಇಡಿಯಾಗಿ ಬಿತ್ತಿದೆಯಾ? ಕೇಳಿದೆ.
ಹೂಂ.
ನಮ್ಮವ್ವ ಲಟ್ಟಣಿಗೆ ಉರುಳಿಸಿ ಎರಡು ಹೋಳು ಮಾಡುತ್ತಿದ್ದಳು.
ಮೊದಲೇ ಹೇಳಬಾರದಿತ್ತೇ?
ಮೊದಲು ನಿನ್ನ ಚಿಲ್ಲರೆಯ ಗುರುತಷ್ಟೇ ಇತ್ತು.

ಮೇ ತಿಂಗಳಲ್ಲಿ ಆಲಿಕಲ್ಲು ಟೊಮೆಟೊ ಗಿಡಗಳ ಕತ್ತು ಮುರಿಯಿತು.
ತೊಟ್ಟಿಯ ನೀರು ಸೋರಿ ಝುಝುನಾಳ ಬಿಳೀ ಹಾಸಿಗೆ ವಸ್ತ್ರದ ಮೇಲೆ
ಕಂದು ನದಿಯೊಂದು ಹರಿಯಿತು; ಆ ದಿನ ನಡೆದ ಮಾತುಗಳನ್ನು
ನಾನಿಲ್ಲಿ ಬರೆಯುವುದಿಲ್ಲ.

ಆದರೂ ಜೂನಿನಲ್ಲಿ
ನೇರಳೆ ಕಾಮಕಸ್ತೂರಿ ಎದ್ದಿತು, ಪಕ್ಕದಲ್ಲಿ ಸಬ್ಬಸಿಗೆ,
ಸೋಂಪಿನ ವಾಸನೆಯ ತರ್ಹೂನ,
ಎರಡು ಎಲೆಗಳಾಗಿ, ನಾಲ್ಕಾಗಿ, ಆಮೇಲೆ ಎಣಿಕೆ ಬಿಟ್ಟೆ,
ಎಣಿಸುವುದೇ ಕಸುಬಾದ ನಾನು.

ಜುಲೈಯಲ್ಲಿ ಫೋನು: ಮೂರನೇ ಬಾಗಿಲಿನ ಲಿಫ್ಟು ಸತ್ತಿದೆ,
ಏಳನೇ ಮಹಡಿಯ ಮುದುಕ ಕಲ್ಲಂಗಡಿ ಹೊತ್ತು
ಮೆಟ್ಟಿಲಲ್ಲಿ ಕೂತು ಸರ್ಕಾರವನ್ನು ಬೈಯುತ್ತಿದ್ದಾನೆ.
ಡಬ್ಬಿ ಬಿಚ್ಚಿದೆ.
ಕಿಂಡಿಯಲ್ಲಿ, ನಾಣ್ಯದ ಅಳತೆಗೆ ಸರಿಯಾಗಿ
ಮಡಿಸಿ ಮಡಿಸಿ ತುರುಕಿದ
ಕಾಮಕಸ್ತೂರಿಯ ಒಂದು ಕುಡಿ.

ನಾನಲ್ಲ, ಲಮಾರಾ ಆಣೆ ಇಟ್ಟಳು.
ಮಕ್ಕಳಿರಬೇಕು, ಅಂದಳು ಝುಝುನಾ,
ಅವಳ ಹೆಬ್ಬೆರಳಿನ ಉಗುರಂಚಿನಲ್ಲಿ ನೇರಳೆ.
ನಾನು ಏನೂ ಕೇಳಲಿಲ್ಲ.

ಜೇಬಿನಿಂದ ಹತ್ತು ತೆತ್ರಿ ತೆಗೆದು ಚೀಲಕ್ಕೆ ಹಾಕಿ
ಪುಸ್ತಕದಲ್ಲಿ ಬರೆದೆ: ಲೆಕ್ಕ ಸರಿ.
ಆಮೇಲೆ ಮೆಟ್ಟಿಲ ಮೇಲೆ ಕೂತು
ಮುದುಕನಿಗೆ ಅರ್ಧ ರೊಟ್ಟಿ ಕೊಟ್ಟು, ಅವನ ಕಲ್ಲಂಗಡಿ ಕೊಯಿಸಿ,
ಆ ಕುಡಿಯನ್ನು, ಕಬ್ಬಿಣದ ರುಚಿ ಸಮೇತ,
ಚೀಸಿನ ಜೊತೆ ತಿಂದುಬಿಟ್ಟೆ.